ಏಳು ಕೆಜಿ ಪ್ರೆಶರ್

ಬೈಲಹೊಂಗಲದಿಂದ ಸವದತ್ತಿ, ಅಲ್ಲಿಂದ ರಾಮದುರ್ಗದ ತನಕ ಹಳ್ಳಿ ಹಳ್ಳಿ ತಿರುಗಿದರೂ ಬಣ್ಣ ಬಳಿಸಿಕೊಳ್ಳದ ಹಳೇ ಕಲ್ಲುಗುಡಿ ಸಿಗುವುದು ಕಷ್ಟ. ಮೊದಲು ಸುಣ್ಣ, ಆಮೇಲೆ ಡಿಸ್ಟೆಂಪರು, ಕೈಯಲ್ಲಿ ಸ್ವಲ್ಪ ದುಡ್ಡು ಆಡತೊಡಗಿದ ಮೇಲೆ ಆಯಿಲ್ ಪೇಂಟು. ದ್ಯಾಮವ್ವನ ಜಾತ್ರೆ ಗೊತ್ತಾಯಿತೆಂದರೆ ಊರಿಗೆ ಊರೇ ಬಣ್ಣದ ಡಬ್ಬಿ ಹಿಡಿಯುತ್ತದೆ. ಕಂಬಕ್ಕೆ ಗುಲಾಬಿ, ಬಾಗಿಲವಾಡಕ್ಕೆ ಹಸಿರು, ದ್ವಾರಪಾಲಕನ ತುಟಿಗೆ ಕೆಂಪು. ಸವದತ್ತಿಯ ಆಸುಪಾಸಿನಲ್ಲಿ ಇದರ ಮೇಲೆ ಯಲ್ಲಮ್ಮನ ಭಂಡಾರವೂ ಸೇರುತ್ತದೆ. ಎಣ್ಣೆ, ಅರಿಷಿಣ, ದೀಪದ ಮಸಿ, ಪೇಂಟು ಎಲ್ಲ ಒಂದರ ಮೇಲೊಂದು ಕೂತು, ಒಳಗಿರುವುದು ಕಲ್ಲೋ ಸಿಮೆಂಟೋ ಎನ್ನುವುದೇ ತಿಳಿಯುವುದಿಲ್ಲ.

ಆಮೇಲೆ ಊರಿನ ನಾಲ್ಕು ಹುಡುಗರು ಬಾದಾಮಿಗೋ ಹಂಪಿಗೋ ಹೋಗಿ ಬರುತ್ತಾರೆ. ಫೋಟೋ ತೋರಿಸುತ್ತಾರೆ. ‘ನಮ್ಮ ಗುಡೀನೂ ಒಳಗ ಹಿಂಗ ಐತಿ, ಬಣ್ಣ ತಗಿಸಿದ್ರ ಸಾಕು’ ಎಂಬ ಮಾತು ಕಮಿಟಿಯಲ್ಲಿ ಬರುತ್ತದೆ. ಜೀರ್ಣೋದ್ಧಾರದ ಪಟ್ಟಿ ಎತ್ತುತ್ತಾರೆ. ಬಣ್ಣ ತೆಗೆಯುವವನನ್ನು ಹುಡುಕುತ್ತಾರೆ. ಹಾಗೆ ಹುಡುಕಿದಾಗ ಈ ತಾಲೂಕುಗಳಲ್ಲಿ ಸಿಗುತ್ತಿದ್ದವನು ನಾನು.

ನಾನು ಕಲ್ಲಿನವನಲ್ಲ, ಕಬ್ಬಿಣದವನು. ಬೆಳಗಾವಿಯ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ಎರಕದ ಮಾಲಿಗೆ ಅಂಟಿದ ಮರಳು, ಹೊಪ್ಪಳಿಕೆ ತೆಗೆಯುವ ವಿಭಾಗದಲ್ಲಿ ಬೆಳೆದೆ. ಅಲ್ಲಿಂದ ಹೊರಬಿದ್ದು ಹಳೇ ಡೀಸೆಲ್ ಕಂಪ್ರೆಸರು, ಗಾಳಿಯ ಒತ್ತಡದಲ್ಲಿ ಮರಳು ತೂರುವ ಒಂದು ಬ್ಲಾಸ್ಟಿಂಗ್ ಪಾಟು, ಉದ್ದನೆಯ ಹೋಸು ಕೊಂಡು ಸ್ವಂತ ಕೆಲಸ ಹಿಡಿದೆ. ಕಬ್ಬಿನ ಹಂಗಾಮು ಮುಗಿದ ಮೇಲೆ ಸಕ್ಕರೆ ಕಾರ್ಖಾನೆಗಳ ಕಾಕಂಬಿ ಟ್ಯಾಂಕು, ಬೇಸಿಗೆಯಲ್ಲಿ ಮಲಪ್ರಭೆಯ ಬಾಂದಾರಗಳ ಗೇಟು, ನಡುವೆ ನೀರಿನ ಓವರ್‌ಹೆಡ್ ಟ್ಯಾಂಕಿನ ಪೈಪು, ಹಳೇ ಸೇತುವೆಯ ಗರ್ಡರು. ಈ ಕೆಲಸದಲ್ಲಿ ನನಗೆ ಹೆಸರಿತ್ತು. ಅದನ್ನು ಮುಚ್ಚಿಡುವುದಿಲ್ಲ, ಏಕೆಂದರೆ ಮುಂದೆ ಮಾಡಿದ ತಪ್ಪು ಆ ಹೆಸರಿನ ಸೊಕ್ಕಿನಿಂದಲೇ ಬಂತು.

ಉಕ್ಕಿನ ತಗಡು ರೋಲಿಂಗ್ ಮಿಲ್ಲಿನಿಂದ ಕೆಂಪಗೆ ಕಾದು ಹೊರಬರುವಾಗ ಅದರ ಮೇಲೆ ನೀಲಿಗಪ್ಪು ಬಣ್ಣದ ಒಂದು ತೆಳು ಪದರ ಕಟ್ಟುತ್ತದೆ. ಮಿಲ್ ಸ್ಕೇಲ್ ಎನ್ನುತ್ತೇವೆ. ನೋಡಲು ಗಟ್ಟಿ, ನುಣುಪು, ಪೇಂಟಿಗೆ ಒಳ್ಳೆಯ ತಳ ಎನಿಸುತ್ತದೆ. ಅದೇ ಮೋಸ. ಅದು ಎಲ್ಲೋ ಒಂದು ಕಡೆ ಬಿರಿಯುತ್ತದೆ. ಬಿರುಕಿನಲ್ಲಿ ನೀರು ಇಳಿದರೆ ಪದರವೂ ಉಕ್ಕೂ ಬ್ಯಾಟರಿಯ ಎರಡು ತುದಿಗಳ ಹಾಗೆ ವರ್ತಿಸಿ, ಸವೆಯುವ ಪಾಲು ಉಕ್ಕಿಗೆ ಬರುತ್ತದೆ. ಆದ್ದರಿಂದ ಅದನ್ನು ಒಂದು ಚೂರೂ ಉಳಿಸದಂತೆ ಕಿತ್ತು ಹಾಕಬೇಕು. ಎಷ್ಟು ಕಿತ್ತರೆ ಸಾಕು ಎಂಬುದನ್ನು ಸ್ವೀಡನ್ನಿನವರು 1967ರ ತಮ್ಮ ಮಾನಕದಲ್ಲಿ ಫೋಟೋ ಸಮೇತ ಇಟ್ಟರು. ಇವತ್ತಿಗೂ ಟೆಂಡರಿನಲ್ಲಿ ‘ಎಸ್‌ಎ ಎರಡೂವರೆ’ ಎಂದು ಬರೆಯುವುದು ಅದರ ಲೆಕ್ಕವೇ. ಹಾಗೆ ಹೊಡೆದ ಉಕ್ಕು ಬೂದಿ ಮಿಶ್ರಿತ ಬಿಳಿ ಬಣ್ಣಕ್ಕೆ ತಿರುಗುತ್ತದೆ, ಕೈಯಾಡಿಸಿದರೆ ಒರಟು. ಆ ಒರಟಿನ ಆಳ ಐವತ್ತರಿಂದ ಎಪ್ಪತ್ತೈದು ಮೈಕ್ರಾನು ಇದ್ದರೆ ಪ್ರೈಮರು ಹಲ್ಲು ಕಚ್ಚಿ ಹಿಡಿಯುತ್ತದೆ. ಹವೆಯ ತೇವ ಶೇಕಡಾ 85ರ ಮೇಲಿದ್ದರೆ ಪೇಂಟು ಹಚ್ಚಬಾರದು. ತಗಡಿನ ಶಾಖ ಇಬ್ಬನಿ ಕಟ್ಟುವ ಮಟ್ಟಕ್ಕಿಂತ ಕನಿಷ್ಠ ಮೂರು ಡಿಗ್ರಿ ಮೇಲಿರಬೇಕು. ಕಿತ್ತೂರಿನ ಕಡೆಯ ಜುಲೈ ಹವೆಯಲ್ಲಿ ಈ ನಿಯಮ ಪಾಲಿಸುವುದೆಂದರೆ ದಿನಗಟ್ಟಲೆ ಕೈಕಟ್ಟಿ ಕೂರುವುದು. ಕೂತಿದ್ದೇನೆ. ಪೇಂಟಿನ ಆಯಸ್ಸು ಡಬ್ಬಿಯಲ್ಲಿಲ್ಲ, ತಳದಲ್ಲಿದೆ ಎಂದು ಗುತ್ತಿಗೆದಾರರಿಗೆ ಪಾಠ ಹೇಳಿದ್ದೇನೆ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ ಮೂವತ್ಮೂರು ಗೇಟುಗಳಲ್ಲಿ ಹತ್ತೊಂಬತ್ತನೆಯದರ ಚೈನು ಕಡಿದು ಗೇಟೇ ಕೊಚ್ಚಿಹೋಯಿತಲ್ಲ, ಆವತ್ತು ಅಣೆಕಟ್ಟಿನ ಕಬ್ಬಿಣದ ಬಗ್ಗೆ ಜನ ಚಹಾದಂಗಡಿಯಲ್ಲಿ ಮಾತಾಡಿದ್ದನ್ನು ಮೊದಲ ಸಲ ಕೇಳಿದೆ. 1953ರಿಂದ ನೀರು ತಡೆದ ಅಣೆಕಟ್ಟು ಅದು. ನಮ್ಮ ನವಿಲುತೀರ್ಥದ್ದು ಅದಕ್ಕಿಂತ ಸುಮಾರು ಎರಡು ದಶಕ ಚಿಕ್ಕದು. ಗೇಟು, ಚೈನು, ತಂತಿಯ ಹಗ್ಗ ಇವೆಲ್ಲ ವರ್ಷಗಟ್ಟಲೆ ಯಾರ ಕಣ್ಣಿಗೂ ಬೀಳುವುದಿಲ್ಲ. ಅವನ್ನು ಸರಿಯಾಗಿ ಉಜ್ಜಿ, ಸರಿಯಾಗಿ ಬಣ್ಣ ಹಚ್ಚುವವನಿಗೂ ಯಾರೂ ಶಾಲು ಹೊದಿಸುವುದಿಲ್ಲ. ನನಗೆ ಶಾಲು ಸಿಕ್ಕಿದ್ದು ಗುಡಿಯ ಕೆಲಸಕ್ಕೆ.

ಆ ಊರಿನ ಹೆಸರು ಹೇಳುವುದಿಲ್ಲ. ಸವದತ್ತಿ ಮತ್ತು ಬೈಲಹೊಂಗಲದ ನಡುವೆ, ಎರೆಹೊಲಗಳ ಮಧ್ಯೆ ಇದೆ. ಗುಡಿ ಸಣ್ಣದು. ಹೊರಗೋಡೆ ನಮ್ಮ ಕಡೆಯ ಮರಳುಗಲ್ಲು, ಒಳಮಂಟಪದ ಕಂಬಗಳು ಬಳಪದ ಕಲ್ಲಿನವು. ಚಾಲುಕ್ಯರ ಕಾಲದ ಕೊನೆಗೆ ಈ ಸೀಮೆಯಲ್ಲಿ ಕಟ್ಟಿದ ಗುಡಿಗಳಲ್ಲಿ ಇಂಥ ಕಂಬ ಕಾಣುತ್ತವೆ. ಕಡಸಲಕ್ಕೆ ಕೊಟ್ಟು ತಿರುವಿದಂಥ ದುಂಡು, ಸುತ್ತಲೂ ಕೂದಲೆಳೆಯ ಗೀರುಗಳು. ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಆವತ್ತು ನಾನು ಕಂಡದ್ದು ಗುಲಾಬಿ ಪೇಂಟು ಮತ್ತು ಚದರಡಿ. ಟೇಪು ಹಿಡಿದು ಅಳೆದೆ, ರೇಟು ಹೇಳಿದೆ, ಚೌಕಾಶಿ ನಡೆಯಿತು, ಜಾತ್ರೆಗೆ ಮೊದಲು ಮುಗಿಸಿಕೊಡುತ್ತೇನೆ ಎಂದೆ.

ಗುಡಿಯ ಪೂಜೆ ಮಾಡುವ ಅಜ್ಜಾರು ಒಬ್ಬರೇ ಅಡ್ಡ ಮಾತಾಡಿದವರು. ‘ತಮ್ಮಾ, ಅದು ಭಾಳ ಮೆತ್ತನ್ನ ಕಲ್ಲ. ಉಗುರಿನಿಂದ ಕೆರದ್ರೂ ಗೀರ ಬೀಳ್ತೈತಿ, ನೋಡ ಬೇಕಾರ’ ಎಂದರು. ನಾನು ನಕ್ಕೆ. ‘ಅಜ್ಜಾರ, ನಾನು ಡ್ಯಾಮಿನ ಗೇಟ್ ಹೊಡದಾಂವ. ಕಬ್ಬಿಣಕ್ಕ ಏನೂ ಆಗಿಲ್ಲ, ಕಲ್ಲಿಗೇನ ಆಗ್ತೈತಿ?’ ಎಂದೆ. ಕಮಿಟಿಯವರೂ ನಕ್ಕರು. ಅಜ್ಜಾರು ಉಗುರಿನಿಂದ ಗೀಚಿ ತೋರಿಸಲು ಕಂಬದ ಬುಡದ ಕಡೆ ಬಾಗಿದ್ದರು. ಅಲ್ಲಿ ಪೇಂಟು ಉದುರಿ ಕಲ್ಲು ಕಾಣುತ್ತಿತ್ತು. ನಾನು ನೋಡಲಿಲ್ಲ.

ನೋಡಿದ್ದರೆ ಸಾಕಿತ್ತು. ಹತ್ತನೇ ತರಗತಿಯ ಭೂಗೋಳದ ಮೇಷ್ಟ್ರು ಹೇಳಿಕೊಟ್ಟ ಮೋಸ್ ಕಾಠಿಣ್ಯದ ಪಟ್ಟಿಯಲ್ಲಿ ಬಳಪದ ಕಲ್ಲಿನ ಮುಖ್ಯ ಖನಿಜ ಟಾಲ್ಕ್ ಒಂದನೇ ಸ್ಥಾನದಲ್ಲಿದೆ. ಸುಣ್ಣದ ಗಾರೆ ಗಟ್ಟಿಯಾಗಿ ಕ್ಯಾಲ್ಸೈಟ್ ಆದಮೇಲೂ ಮೂರಕ್ಕೆ ನಿಲ್ಲುತ್ತದೆ. ಹೊಳೆಯ ಮರಳಿನ ಕ್ವಾರ್ಟ್ಜು ಏಳು. ಏಳನ್ನು ಒಂದರ ಮೇಲೆ, ಚದರ ಸೆಂಟಿಮೀಟರಿಗೆ ಏಳು ಕೆಜಿ ಒತ್ತಡದಲ್ಲಿ ತೂರಿದೆ. ಕಬ್ಬಿಣಕ್ಕೆ ಇಟ್ಟ ಪ್ರೆಶರನ್ನು ಇಳಿಸಬೇಕೆಂದೂ ನನಗೆ ತೋಚಲಿಲ್ಲ. ಕಂಪ್ರೆಸರಿನ ಕಾಟಾ ಸದಾ ಅಲ್ಲೇ ನಿಂತಿರುತ್ತಿತ್ತು.

ಕೆಲಸ ಬೇಗ ಸಾಗಿತು. ಗುಲಾಬಿ, ಅದರಡಿ ನೀಲಿ, ಅದರಡಿ ಸುಣ್ಣ, ಅದರಡಿ ಕಲ್ಲು, ಎಲ್ಲ ಒಂದೇ ಬೀಸಿಗೆ ಹಾರುತ್ತಿದ್ದವು. ಕಂಬಗಳು ಮಂಕಾದ ಬೂದು ಬಣ್ಣಕ್ಕೆ ತಿರುಗಿದವು. ನನಗೆ ಅದು ಎರಡೂವರೆಯ ಉಕ್ಕಿನಂತೆ ಕಂಡು ಖುಷಿಯಾಯಿತು. ಊರವರಿಗೆ ‘ಒರಿಜಿನಲ್ ಕಲ್ಲು’ ಸಿಕ್ಕಿತು. ಕಂಬದ ಗೀರುಗಳು ಅರ್ಧ ಅಳಿಸಿದ್ದನ್ನು ಯಾರೂ ಗಮನಿಸಲಿಲ್ಲ, ಏಕೆಂದರೆ ಪೇಂಟಿನಡಿ ಅವು ಎಷ್ಟು ಚೂಪಾಗಿದ್ದವೆಂದು ಬದುಕಿದ್ದವರಲ್ಲಿ ಯಾರೂ ಕಂಡಿರಲಿಲ್ಲ. ಗೋಡೆಯ ಸಂದುಗಳಲ್ಲಿದ್ದ ಹಳೇ ಗಚ್ಚು ಮರಳಿನ ಏಟಿಗೆ ಪುಡಿಯಾಗಿ ಉದುರಿತ್ತು. ಅದಕ್ಕೆ ಕಮಿಟಿಯವರೇ ಸಿಮೆಂಟು ತುಂಬಿಸಿದರು. ಜಾತ್ರೆಯ ದಿನ ಶಾಲು, ಹಾರ, ತೆಂಗಿನಕಾಯಿ.

ಗುಡಿಯ ಎದುರು ಬೇವಿನ ಗಿಡದಡಿ ಒಂದು ವೀರಗಲ್ಲಿತ್ತು. ಎಣ್ಣೆ, ಕುಂಕುಮ, ಬೆಳ್ಳಿ ಬಣ್ಣದ ಪೇಂಟು ಮೆತ್ತಿಕೊಂಡು ನಿಂತಿತ್ತು. ಕೆಲಸ ಮುಗಿದು ಪಾಟಿನಲ್ಲಿ ಸ್ವಲ್ಪ ಮರಳು ಉಳಿದಿತ್ತು. ‘ಇದನ್ನೂ ಹೊಡದ ಕೊಡ್ತೀನ್ರಿ, ರೊಕ್ಕ ಬ್ಯಾಡ’ ಎಂದೆ. ಪುಕ್ಕಟೆ ಮಾಡಿಕೊಟ್ಟ ಕೆಲಸ ಅದು.

ಮೊದಲ ಮಳೆಗಾಲ ಏನೂ ಗೊತ್ತಾಗಲಿಲ್ಲ. ಸವದತ್ತಿ ಕಡೆ ಮಳೆಯೇ ಅಷ್ಟಕ್ಕಷ್ಟೆ. ಎರಡನೆಯ ವರ್ಷ ಗೋಡೆಗೆ ಹಸಿರು ಪಾಚಿ ಹತ್ತಿತು, ಹಿಂದೆ ಎಂದೂ ಹತ್ತದ ಎತ್ತರಕ್ಕೆ. ಕಮಿಟಿಯವರು ಫೋನು ಮಾಡಿದರು. ಹೋಗಿ ನೋಡಿದೆ. ಆಗಲಾದರೂ ಯಾರನ್ನಾದರೂ ಕೇಳಬಹುದಿತ್ತು. ಬದಲಿಗೆ ಕಬ್ಬಿಣದವನ ಬುದ್ಧಿ ಮುಂದೆ ಬಂತು: ತಳ ತಯಾರಾಗಿದೆ, ಮೇಲೊಂದು ಕೋಟು ಬೇಕು. ಬೆಳಗಾವಿಯಿಂದ ಪಾರದರ್ಶಕ ಸಿಲಿಕೋನ್ ಕೋಟಿಂಗ್ ತಂದು ಹೊರಗೋಡೆಗೆಲ್ಲ ಹೊಡೆಸಿದೆ. ಗೋಡೆ ಮಿಂಚಿತು. ನೀರು ಹಾಕಿದರೆ ಮುತ್ತಿನಂತೆ ಜಾರುತ್ತಿತ್ತು. ಅದನ್ನು ವಿಡಿಯೋ ಮಾಡಿ ವಾಟ್ಸಪ್ಪಿನಲ್ಲಿ ಹಾಕಿದೆ.

2019ರ ಆಗಸ್ಟು ಬಂತು. ಮಲಪ್ರಭೆ ಉಕ್ಕಿ ಮುನವಳ್ಳಿ, ರಾಮದುರ್ಗದ ಕಡೆ ಮನೆಗಳೊಳಗೆ ನುಗ್ಗಿದ ಮಳೆಗಾಲ. ಆ ಊರಿಗೆ ಹೊಳೆ ಬರಲಿಲ್ಲ, ಆದರೆ ನೆಲ ವಾರಗಟ್ಟಲೆ ನೀರು ಕುಡಿಯಿತು. ಹಳೇ ಗೋಡೆ ಎಂದರೆ ಎರಡು ಕಡೆ ಕಲ್ಲಿನ ಮುಖ, ನಡುವೆ ಚೂರುಗಲ್ಲು, ಮಣ್ಣು, ಸುಣ್ಣ. ಅದು ಬುಡದಿಂದ ತೇವ ಏರಿಸಿಕೊಳ್ಳುತ್ತದೆ. ಮೊದಲು ಆ ತೇವ ಸಂದಿನ ಗಚ್ಚಿನ ಮೂಲಕ ನಿಧಾನ ಹೊರಗೆ ಹೋಗುತ್ತಿತ್ತು. ಗಚ್ಚು ಇರುವುದೇ ಅದಕ್ಕೆ: ಕಲ್ಲಿಗಿಂತ ಮೆತ್ತಗೆ, ಕಲ್ಲಿಗಿಂತ ಮೊದಲು ಸವೆಯಲು. ಈಗ ಸಂದಿನಲ್ಲಿ ಸಿಮೆಂಟು, ಮುಖದ ಮೇಲೆ ಸಿಲಿಕೋನು. ಒಳಗಿನ ತೇವದ ಜೊತೆ ಮಣ್ಣಿನ ಉಪ್ಪೂ ಬಂದು ಕೋಟಿಂಗಿನ ಹಿಂದೆ ಹರಳು ಕಟ್ಟಿತು. ದೀಪಾವಳಿಯ ಹೊತ್ತಿಗೆ ಬಿಸಿಲು ಬಿದ್ದಾಗ ಕಲ್ಲಿನ ಮುಖ ಹಪ್ಪಳ ಹಪ್ಪಳವಾಗಿ ಏಳತೊಡಗಿತು. ಕೈ ಇಟ್ಟರೆ ತುಂಡು ಕೈಗೆ ಬರುತ್ತಿತ್ತು. ಅದರ ಹೊರಮುಖದಲ್ಲಿ ನನ್ನ ಕೋಟಿಂಗಿಗೆ ಏನೂ ಆಗಿರಲಿಲ್ಲ, ಅದು ಕಲ್ಲನ್ನು ಹಿಡಿದುಕೊಂಡೇ ಬಂದಿತ್ತು.

ಮರಳುಗಲ್ಲು ನೂರಾರು ವರ್ಷ ಗಾಳಿಗೆ ಬಿಸಿಲಿಗೆ ಒಡ್ಡಿಕೊಂಡು ಹೊರಮೈಯನ್ನು ಒಂದಿಷ್ಟು ಗಟ್ಟಿ ಮಾಡಿಕೊಂಡಿರುತ್ತದೆ. ಇಟ್ಟಿಗೆಗೂ ಭಟ್ಟಿಯ ಬೆಂಕಿ ಮುಟ್ಟಿದ ಹೊರಮೈಯೇ ಗಟ್ಟಿ, ಒಳಗು ಮೆತ್ತಗೆ. ಉಕ್ಕಿನ ಹೊರಪದರವನ್ನು ಕಿತ್ತರೆ ಅದಕ್ಕೆ ಆಯಸ್ಸು ಬರುತ್ತದೆ, ಇವುಗಳದ್ದನ್ನು ಕಿತ್ತರೆ ಹೋಗುತ್ತದೆ. ಇದು ಗುಟ್ಟೇನೂ ಆಗಿರಲಿಲ್ಲ. ಹಳೇ ಕಟ್ಟಡಗಳಿಗೆ ಮರಳು ಹೊಡೆಯುವುದು ಎಷ್ಟು ಅಪಾಯ ಎಂದು ಅಮೆರಿಕದ ರಾಷ್ಟ್ರೀಯ ಉದ್ಯಾನ ಇಲಾಖೆ 1979ರಲ್ಲೇ ಒಂದು ಕೈಪಿಡಿ ಹೊರಡಿಸಿತ್ತು. ತಮಿಳುನಾಡಿನಲ್ಲಿ ಗುಡಿಗಳಿಗೆ ಮರಳು ಹೊಡೆಸಿ ಶಾಸನ ಹಾಳಾದ ಬಗ್ಗೆ ವರ್ಷಗಟ್ಟಲೆ ಜಗಳ ನಡೆದಿತ್ತು. ಪಕ್ಕದ ರಾಜ್ಯದ ಮಾತು ನನ್ನ ಕಿವಿಗೆ ಬೀಳಲಿಲ್ಲ ಎನ್ನುವುದು ಸಬೂಬು. ಅಜ್ಜಾರ ಉಗುರು ನನ್ನ ಕಣ್ಣೆದುರೇ ಇತ್ತು.

ವೀರಗಲ್ಲಿನ ಸಂಗತಿ ಹೊರಗೆ ಬಂದದ್ದು ಅದರ ಮರುವರ್ಷ. ಕಾಲೇಜಿನ ಇಬ್ಬರು ಅಧ್ಯಾಪಕರು ಊರೂರು ತಿರುಗಿ ಶಾಸನಗಳ ಪಡಿಯಚ್ಚು ತೆಗೆಯುತ್ತಿದ್ದರು. ಈ ಸೀಮೆಯಲ್ಲಿ ಆ ಕೆಲಸ ಹೊಸದಲ್ಲ. ಸವದತ್ತಿಯ ರಟ್ಟರ ಶಾಸನಗಳನ್ನು ಫ್ಲೀಟ್ ಸಾಹೇಬ ಹತ್ತೊಂಬತ್ತನೆಯ ಶತಮಾನದಲ್ಲೇ ಓದಿ ಅಚ್ಚು ಹಾಕಿಸಿದ್ದ. ಧಾರವಾಡದ ಕನ್ನಡ ಸಂಶೋಧನ ಸಂಸ್ಥೆ 1939ರಲ್ಲಿ ಹುಟ್ಟಿದ ಮೇಲೆ ಇಂಥ ಹಳ್ಳಿಗಳ ಕಲ್ಲುಗಳೂ ಪುಸ್ತಕಕ್ಕೆ ಬಂದವು. ಆದರೂ ಬೇವಿನ ಗಿಡದಡಿಯ, ಪೇಂಟು ಮೆತ್ತಿದ ಸಣ್ಣ ವೀರಗಲ್ಲುಗಳು ಎಷ್ಟೋ ಉಳಿದುಹೋಗಿವೆ. ಅವು ಯಾವ ಇಲಾಖೆಯ ಪಟ್ಟಿಯಲ್ಲೂ ಇಲ್ಲ. ಪಟ್ಟಿಯಲ್ಲಿದ್ದರೆ 1958ರ ಕೇಂದ್ರದ ಕಾಯಿದೆಯೋ 1961ರ ನಮ್ಮ ರಾಜ್ಯದ ಕಾಯಿದೆಯೋ ನನ್ನ ಕೈ ತಡೆಯುತ್ತಿತ್ತು.

ಅಧ್ಯಾಪಕರು ಒದ್ದೆ ಕಾಗದವನ್ನು ಆ ವೀರಗಲ್ಲಿಗೆ ಹಚ್ಚಿ, ಬ್ರಷ್ಷಿನಿಂದ ಕುಟ್ಟಿ, ಒಣಗುತ್ತಾ ಬಂದಾಗ ಮಸಿ ಅದ್ದಿದ ಬಟ್ಟೆಯ ಉಂಡೆ ಒತ್ತಿದರು. ಕಲ್ಲಿನ ಮೂರು ಅಂತಸ್ತಿನ ಕೆತ್ತನೆ ಕಾಗದದಲ್ಲಿ ಮಸುಕಾಗಿ ಎದ್ದಿತು. ಕೆಳಗೆ ಹೋರಾಡುವ ವೀರ, ನಡುವೆ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕೂತವನು. ಎರಡು ಅಂತಸ್ತಿನ ನಡುವಿನ ಪಟ್ಟಿಯಲ್ಲಿ ಅಕ್ಷರ ಇರಬೇಕು, ಅಲ್ಲೇ ಬರೆಯುವುದು ರೂಢಿ. ಕಾಗದದಲ್ಲಿ ಅಲ್ಲಿ ಬರೀ ಚುಕ್ಕೆ ಚುಕ್ಕೆ ಕಪ್ಪು. ಮರಳಿನ ಏಟಿನ ಗುರುತು. ‘ಇದಕ್ಕ ಯಾರ ಬ್ಲಾಸ್ಟಿಂಗ್ ಮಾಡ್ಯಾರ್ರಿ?’ ಎಂದು ಅವರು ಕೇಳಿದಾಗ ಊರವರು ಅಭಿಮಾನದಿಂದಲೇ ನನ್ನ ನಂಬರು ಕೊಟ್ಟರು.

ಅಧ್ಯಾಪಕರು ಬೈಯಲಿಲ್ಲ. ಹೊಡೆಯುವ ಮೊದಲಿನ ಫೋಟೋ ಏನಾದರೂ ಇದೆಯೇ ಎಂದು ಕೇಳಿದರು. ಇತ್ತು. ಪ್ರತಿ ಕೆಲಸಕ್ಕೂ ‘ಮೊದಲು–ಆಮೇಲೆ’ ಜೋಡಿ ಫೋಟೋ ತೆಗೆದು ಗಿರಾಕಿಗಳಿಗೆ ತೋರಿಸುವುದು ನನ್ನ ಪದ್ಧತಿ. ‘ಮೊದಲು’ ಎಂಬುದನ್ನು ಆದಷ್ಟು ಗಲೀಜಾಗಿ ಕಾಣುವ ಹಾಗೆ ತೆಗೆಯುತ್ತಿದ್ದೆ. ಆ ಗಲೀಜಿನೊಳಗೆ, ಬೆಳ್ಳಿ ಪೇಂಟು ತುಂಬಿಕೊಂಡ ಗೀರುಗಳಾಗಿ ಎರಡು ಸಾಲು ಕಾಣುತ್ತಿದ್ದವು. ದೊಡ್ಡದು ಮಾಡಿ, ಕತ್ತಲು ಬೆಳಕು ಬದಲಿಸಿ, ಅವರು ‘ತುಱು’ ಎಂಬಷ್ಟನ್ನು ಹಿಡಿದರು. ದನ ಹೊಡೆದುಕೊಂಡು ಹೋದವರ ಮೇಲೆ ಬಿದ್ದು ಸತ್ತವನಿರಬಹುದು ಎಂದರು. ಅವನ ಹೆಸರು ಇರಬೇಕಾದ ಜಾಗದಲ್ಲಿ ಫೋಟೋ ಅಲುಗಿದೆ.

ಮರಳು ಹೊಡೆಯುವ ಈ ಯಂತ್ರದ ಚರಿತ್ರೆ ಓದಿದ್ದು ಆಮೇಲೆ. ಫಿಲಡೆಲ್ಫಿಯಾದ ಬೆಂಜಮಿನ್ ಚ್ಯೂ ಟಿಲ್ಗ್‌ಮನ್ 1870ರಲ್ಲಿ ಇದಕ್ಕೆ ಪೇಟೆಂಟು ಪಡೆದ. ಅವನ ಅರ್ಜಿಯಲ್ಲಿ ತುಕ್ಕು, ಪೇಂಟಿನ ಮಾತು ಮುಖ್ಯವಲ್ಲ. ಕಲ್ಲು, ಲೋಹ, ಗಾಜಿನ ಮೇಲೆ ಕೊರೆಯುವುದಕ್ಕೆ, ಕೆತ್ತುವುದಕ್ಕೆ ಎಂದೇ ಅವನು ಬರೆದದ್ದು. ಅಮೆರಿಕದಲ್ಲಿ ಇದೇ ಯಂತ್ರದಿಂದ ಗೋರಿಕಲ್ಲುಗಳ ಮೇಲೆ ಸತ್ತವರ ಹೆಸರು ಕೆತ್ತುತ್ತಾರೆ.

ಕಲ್ಲಿನ ಬಗ್ಗೆ ನನಗೆ ಪಾಠ ಹೇಳಿದವರು ಕಿತ್ತೂರಿನ ಕಡೆಯ ಒಬ್ಬ ಹಳೇ ಗೌಂಡಿ ಕಾಕಾ. ಸುಣ್ಣದ ಕೆಲಸ ಗೊತ್ತಿದ್ದವರು. ಅವರು ನನ್ನನ್ನು ಕಿತ್ತೂರು ಕೋಟೆಯೊಳಗೆ ಕರೆದುಕೊಂಡು ಹೋದರು. ಅಕ್ಟೋಬರಿನ ಉತ್ಸವಕ್ಕೆ ಎಲ್ಲರೂ ಹೋಗುತ್ತಾರೆ, ನಾನೂ ಎಷ್ಟೋ ಸಲ ಹೋಗಿದ್ದೆ. ಬ್ರಿಟಿಷ್ ಅಧಿಕಾರಿ ಥ್ಯಾಕರೆ ಬಿದ್ದ 1824ರ ಯುದ್ಧ, ಆಮೇಲೆ ರಾಣಿ ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ತೀರಿಕೊಂಡದ್ದು ಇವೆಲ್ಲ ಬಾಯಿಪಾಠ. ಗೋಡೆಯನ್ನು ಮುಟ್ಟಿ ನೋಡಿರಲಿಲ್ಲ. ಚಾವಣಿ ಕಳೆದುಕೊಂಡು ಇಷ್ಟು ಮಳೆಗಾಲ ನಿಂತ ಗೋಡೆಗಳ ಮೇಲೆ ಅಲ್ಲಲ್ಲಿ ಗಾರೆ ಇನ್ನೂ ಅಂಟಿಕೊಂಡಿದೆ. ಕಾಕಾ ಬಾಟಲಿಯಿಂದ ಅಂಗೈಗೆ ನೀರು ಸುರಿದುಕೊಂಡು, ಹೊರಗೆ ಬಿದ್ದಿದ್ದ ಒಂದು ಸಡಿಲ ಕಲ್ಲಿನ ಮೇಲೂ ಪಕ್ಕದ ಸಿಮೆಂಟು ಕಟ್ಟೆಯ ಮೇಲೂ ಚಿಮುಕಿಸಿದರು. ‘ಎಷ್ಟ ಹೊತ್ತಿನ್ಯಾಗ ಕುಡೀತೈತಿ ನೋಡು. ನಿಧಾನ ಕುಡದ್ರ ಮೈ ಗಟ್ಟಿ ಐತಿ. ಗಬಕ್ನ ಕುಡದ್ರ ಮೈ ಹೋಗೇತಿ. ಕುಡಿಲೇ ಇಲ್ಲಂದ್ರ ಯಾರೋ ಬಾಯಿ ಮುಚ್ಯಾರ.’ ಆಮೇಲೆ ಮೊಳೆಯಿಂದ ಗೀರಿ ತೋರಿಸಿದರು. ಎಲ್ಲ ಐದು ನಿಮಿಷದ ಕೆಲಸ. ಉಕ್ಕಿಗೆ ಇಬ್ಬನಿಯ ಲೆಕ್ಕ ಹಾಕುತ್ತಿದ್ದವನು ನಾನು, ಕಲ್ಲಿಗೆ ಒಂದು ಹನಿ ನೀರು ಹಾಕಿ ನೋಡಿರಲಿಲ್ಲ.

ಬಣ್ಣ ತೆಗೆಯುವ ಬೇರೆ ದಾರಿಗಳೂ ಹೊಸವಲ್ಲ. ಆಯಿಲ್ ಪೇಂಟಿಗೆ ರಿಮೂವರ್ ಹಚ್ಚಿ ಮೆತ್ತಗಾದ ಮೇಲೆ ಮರದ ಚೂರಿನಿಂದ ಎತ್ತಬಹುದು. ಎಣ್ಣೆ ಜಿಡ್ಡಿಗೆ ಪುರಾತತ್ವದವರು ತೆಳು ಅಮೋನಿಯಾ ನೀರು, ಕ್ಷಾರವಲ್ಲದ ಸಾಬೂನು, ನೈಲಾನ್ ಬ್ರಷ್ಷು ಬಳಸುತ್ತಾರೆ. ಒಳಗಿನ ಉಪ್ಪಿಗೆ ಕಾಗದದ ತಿರುಳನ್ನು ನೀರಲ್ಲಿ ನೆನೆಸಿ ಗೋಡೆಗೆ ಮೆತ್ತಿ, ಅದು ಒಣಗುತ್ತಾ ಉಪ್ಪನ್ನು ಎಳೆದುಕೊಂಡ ಮೇಲೆ ಕಿತ್ತು, ಮತ್ತೆ ಹೊಸದನ್ನು ಮೆತ್ತುತ್ತಾರೆ. ಸಂದಿಗೆ ಸುಣ್ಣದ ಗಾರೆಯೇ. ಎಲ್ಲಕ್ಕೂ ಕಾಲ ಬೇಕು, ಕೈ ಬೇಕು. ಕಂಪ್ರೆಸರು ಒಂದು ದಿನದಲ್ಲಿ ಮಾಡುವುದಕ್ಕೆ ಈ ದಾರಿಗಳಲ್ಲಿ ವಾರಗಳು ಬೇಕು, ಜಾತ್ರೆಯ ತಾರೀಖು ಮಾತ್ರ ಬದಲಾಗುವುದಿಲ್ಲ.

ಇಷ್ಟು ಹೊತ್ತು ಕಲ್ಲಿನ ಮಾತಾಡಿದೆ. ಅದಕ್ಕಿಂತ ಹೇಳಲು ಕಷ್ಟವಾದದ್ದು ಹೋಸು ಹಿಡಿದವನ ಮಾತು.

ಮರಳನ್ನೇ ಏಕೆ ಬಳಸಿದೆ? ಅಗ್ಗ. ಮಲಪ್ರಭೆ ಪಕ್ಕದಲ್ಲೇ ಇತ್ತು. ತಾಮ್ರದ ಕಿಟ್ಟ ಎಂದರೆ ಕಾಪರ್ ಸ್ಲ್ಯಾಗ್ ತೂತುಕುಡಿಯಿಂದ ಬರಬೇಕಿತ್ತು, ಲಾರಿ ಬಾಡಿಗೆಯೇ ಮಾಲಿನ ಬೆಲೆಗಿಂತ ಮೇಲೆ. 2018ರಲ್ಲಿ ಅಲ್ಲಿನ ತಾಮ್ರದ ಕಾರ್ಖಾನೆ ಮುಚ್ಚಿದ ಮೇಲೆ ಇನ್ನೂ ತುಟ್ಟಿ. ಗಾರ್ನೆಟ್ ಅದಕ್ಕಿಂತ ದುಬಾರಿ. ಮರಳನ್ನು ಜರಡಿ ಹಿಡಿದು, ಬಿಸಿಲಿಗೆ ಒಣಗಿಸಿದರೆ ಮುಗಿಯಿತು. ಅದು ಉಕ್ಕಿಗೆ ಬಡಿದಾಗ ಪ್ರತಿ ಕಾಳೂ ಒಡೆದು ಪುಡಿಯಾಗುತ್ತದೆ. ಕಣ್ಣಿಗೆ ಕಾಣುವ ಧೂಳು ಮೂಗಿನಲ್ಲೇ ನಿಲ್ಲುತ್ತದೆ, ಕೆಮ್ಮಿದರೆ ಹೊರಬರುತ್ತದೆ. ಕಾಣದ ಧೂಳು, ಐದು ಮೈಕ್ರಾನಿಗಿಂತ ಸಣ್ಣದು, ಶ್ವಾಸಕೋಶದ ತುದಿಯವರೆಗೆ ಇಳಿದು ಅಲ್ಲೇ ಕೂರುತ್ತದೆ. ಅದರ ಸುತ್ತ ಶ್ವಾಸಕೋಶ ಗಂಟು ಕಟ್ಟುತ್ತದೆ. ಸಿಲಿಕೋಸಿಸ್. ಗುಣವಾಗುವ ಕಾಯಿಲೆಯಲ್ಲ. ಬ್ರಿಟನ್ನಿನಲ್ಲಿ ಎರಕದ ಮಾಲಿಗೆ ಮರಳು ಹೊಡೆಯುವುದನ್ನು 1949ರ ನಿಯಮದಲ್ಲೇ ನಿಲ್ಲಿಸಿದರು. ಜೀನ್ಸ್ ಪ್ಯಾಂಟು ಮಾಸಿದಂತೆ ಕಾಣಲೆಂದು ಮರಳು ಹೊಡೆಯುತ್ತಿದ್ದ ಹುಡುಗರು ಸತ್ತ ಮೇಲೆ ತುರ್ಕಿ 2009ರಲ್ಲಿ ನಿಷೇಧಿಸಿತು. ನಮ್ಮಲ್ಲೂ 1948ರ ಕಾರ್ಖಾನೆ ಕಾಯಿದೆಯ ಪಟ್ಟಿಯಲ್ಲಿ ಸಿಲಿಕೋಸಿಸ್ ಇತ್ತು, ಬಂದರೆ ಸರ್ಕಾರಕ್ಕೆ ತಿಳಿಸಲೇಬೇಕಿತ್ತು. ಉದ್ಯಮಬಾಗದ ನನ್ನ ಹಳೇ ಫೌಂಡ್ರಿಯಲ್ಲಿ ಬ್ಲಾಸ್ಟಿಂಗು ಮುಚ್ಚಿದ ಕೋಣೆಯಲ್ಲಿ, ಉಕ್ಕಿನ ಗುಂಡಿನಿಂದಲೇ ನಡೆಯುತ್ತಿತ್ತು. ಏಕೆ ಎಂದು ನನಗೆ ಗೊತ್ತಿತ್ತು. ಹೊರಗೆ ಬಂದ ಮೇಲೆ ‘ಇದು ಸೈಟು, ಕಾರ್ಖಾನೆ ಅಲ್ಲ’ ಎಂದುಕೊಂಡೆ.

ನಾಜಲ್ ಹಿಡಿಯುತ್ತಿದ್ದ ಹುಡುಗ ರಾಮದುರ್ಗದ ಕಡೆಯವನು, ನೇಕಾರರ ಮನೆಯವನು. ಮಗ್ಗ ಬಿಟ್ಟು ನನ್ನ ಜೊತೆ ಬಂದವನು. ಮುಖಕ್ಕೆ ಒದ್ದೆ ಟವೆಲು ಕಟ್ಟಿಕೊಳ್ಳುತ್ತಿದ್ದ. ಹೊರಗಿನಿಂದ ಶುದ್ಧ ಗಾಳಿ ಕೊಡುವ ಹೆಲ್ಮೆಟ್ಟು ಒಂದು ನನ್ನ ಹತ್ತಿರ ಇತ್ತು. ಅದರ ಫಿಲ್ಟರು ಕೆಟ್ಟಿತ್ತು, ಒಳಗೆ ಡೀಸೆಲ್ ವಾಸನೆ ಬರುತ್ತದೆಂದು ಅವನೇ ಬೇಡವೆಂದ, ನಾನೂ ಒತ್ತಾಯಿಸಲಿಲ್ಲ. ಕೈ ಬಿಟ್ಟ ಕೂಡಲೇ ಹೊಡೆತ ನಿಲ್ಲಬೇಕಾದ ಹಿಡಿಕೆಗೂ ತಂತಿ ಬಿಗಿದಿದ್ದೆವು, ಕೆಲಸ ಸಲೀಸಾಗಲಿ ಎಂದು. ಗುಡಿಯ ಒಳಮಂಟಪದಲ್ಲಿ ಗಾಳಿಯಾಡುತ್ತಿರಲಿಲ್ಲ. ಅವನು ಹೊರಗೆ ಬಂದಾಗ ರೆಪ್ಪೆಗಳೂ ಬೆಳ್ಳಗಿರುತ್ತಿದ್ದವು. ಅದಕ್ಕೂ ಫೋಟೋ ತೆಗೆದು ನಗಾಡಿದ್ದೇವೆ.

ಕೆಮ್ಮು ಶುರುವಾದಾಗ ಟಿಬಿ ಎಂದರು. ಔಷಧಿಯ ಕೋರ್ಸು ಪೂರ್ತಿ ಮಾಡಿದ. ತೂಕ ಬರಲಿಲ್ಲ. ಎರಡನೆಯ ಕಡೆ ಎಕ್ಸ್‌ರೇ ನೋಡಿದ ಡಾಕ್ಟರು ಮೊದಲು ಕೇಳಿದ ಪ್ರಶ್ನೆಯೇ ‘ಏನ ಕೆಲಸ ಮಾಡ್ತಿ?’ ಆ ಪ್ರಶ್ನೆಯನ್ನು ಮೊದಲಿನವರು ಕೇಳಿರಲಿಲ್ಲ, ಅವನೂ ಹೇಳಿರಲಿಲ್ಲ, ಜೊತೆಗೆ ಹೋಗಿದ್ದ ನಾನೂ ಹೇಳಿರಲಿಲ್ಲ. ಈಗ ಅವನಿಗೆ ನಲವತ್ತೂ ಆಗಿಲ್ಲ. ಬಸ್‌ಸ್ಟ್ಯಾಂಡಿನ ಹತ್ತಿರ ಪ್ಲಾಸ್ಟಿಕ್ ಸಾಮಾನಿನ ಅಂಗಡಿ ಇಟ್ಟುಕೊಂಡಿದ್ದಾನೆ. ಅದಕ್ಕೆ ಬಂಡವಾಳ ನಾನು ಕೊಟ್ಟೆ ಎಂದು ಹೇಳಿಕೊಳ್ಳುವ ಆಸೆ ಬರೆಯುವಾಗ ಇಲ್ಲಿಗೆ ಬಂದು ನಿಂತಿತು. ಕೊಟ್ಟದ್ದು ನಿಜ, ಅವನು ಕಳೆದುಕೊಂಡದ್ದಕ್ಕೆ ಅದು ಸಾಟಿಯಲ್ಲ. ‘ಅಣ್ಣಾ, ನೀ ಏನ ಬೇಕಂತ ಮಾಡಿದ್ದೇನ?’ ಎನ್ನುತ್ತಾನೆ. ಬೇಕೆಂದು ಮಾಡಲಿಲ್ಲ, ಗೊತ್ತಿದ್ದೂ ಮಾಡಿದೆ. ಕಲ್ಲಿನ ವಿಷಯದಲ್ಲಿ ನನಗೆ ತಿಳಿವಳಿಕೆ ಇರಲಿಲ್ಲ ಎನ್ನಬಹುದು. ಇಲ್ಲಿ ಹಾಗೆನ್ನಲು ಬರುವುದಿಲ್ಲ.

ಆಮೇಲೆ ಕಂಪ್ರೆಸರು, ಪಾಟು ಎಲ್ಲ ಮಾರಿದೆ. ಕೊಂಡವನು ಬೈಲಹೊಂಗಲದ ಹುಡುಗ, ಚುರುಕಿನವನು. ಕಬ್ಬಿಣಕ್ಕೆ ಮಾತ್ರ ಬಳಸು, ಮರಳು ಹಾಕಬೇಡ ಎಂದು ಹೇಳಿದೆ. ‘ಹೂಂ ಅಣ್ಣಾರ’ ಎಂದ. ಮಾರದೆ ಗುಜರಿಗೆ ಹಾಕಬಹುದಿತ್ತು ಎಂದು ಅಂದೇ ಹೊಳೆದಿತ್ತು. ಆದರೆ ಬಾಂದಾರದ ಗೇಟಿಗೆ ಅದು ಬೇಕೇ ಬೇಕು, ವೈರ್ ಬ್ರಷ್ಷಿನಲ್ಲಿ ಉಜ್ಜಿದ ಗೇಟು ನಾಲ್ಕು ವರ್ಷಕ್ಕೆ ಹೊಪ್ಪಳಿಕೆ ಏಳುತ್ತದೆ. ಹೆಲ್ಮೆಟ್ಟಿಗೆ ಹೊಸ ಫಿಲ್ಟರು ಹಾಕಿಸಿ ಜೊತೆಗೆ ಕೊಟ್ಟೆ. ಹಿಡಿಕೆಯ ತಂತಿಯನ್ನು ಬಿಚ್ಚಿಸಿದೆ.

ಹೋದ ವರ್ಷ ಅದೇ ಹುಡುಗ ಫೋನು ಮಾಡಿದ. ರಾಮದುರ್ಗದ ಆಚೆ ಒಂದು ಊರು, ಕಲ್ಲುಗುಡಿ, ಮುಂದಿನ ತಿಂಗಳು ಜಾತ್ರೆ. ಆ ಕಮಿಟಿಯವರು ಮೊದಲು ನನ್ನನ್ನೇ ಕೇಳಿದ್ದರು. ಕೈಯಿಂದ ತೆಗೆಯುವ ರೇಟು, ದಿನ ಹೇಳಿದ ಮೇಲೆ ಸುಮ್ಮನಾಗಿದ್ದರು. ಅವರು ಇವನ ಹತ್ತಿರ ಹೋಗಿದ್ದಾರೆಂದು ನನಗೆ ಗೊತ್ತಿರಲಿಲ್ಲ. ‘ಅಣ್ಣಾರ, ಕಲ್ಲಿಗೆ ಯಾವ ನಾಜಲ್ ಹಾಕ್ಲಿ? ಪ್ರೆಶರ್ ಎಷ್ಟ ಇಡ್ಲಿ?’ ಎಂದ.

ಅವತ್ತೇ ಹೋದೆ. ಒಳಗಿನ ನಾಲ್ಕು ಕಂಬ ಅಷ್ಟರೊಳಗೆ ಆಗಿಹೋಗಿದ್ದವು. ಹೊರಗೋಡೆ ಉಳಿದಿತ್ತು. ಕಮಿಟಿಯ ಹಿರಿಯರನ್ನು ಕರೆದು, ಹಿಂಬದಿ ಮೂಲೆಯಲ್ಲಿ ಒಂದು ಚದರಡಿ ಮಾತ್ರ ಹೊಡೆಸಿದೆ, ಪಕ್ಕದ ಒಂದು ಚದರಡಿಯನ್ನು ರಿಮೂವರ್ ಹಚ್ಚಿ ಕೈಯಿಂದ ತೆಗೆಸಿದೆ. ಸಂಜೆ ಎರಡರ ಮೇಲೂ ಚೊಂಬಿನಿಂದ ನೀರು ಹಾಕಿದೆವು. ಕೈಯಿಂದ ತೆಗೆದದ್ದರ ಮೇಲೆ ನೀರು ಇಳಿದುಬಂತು, ಹೊಡೆದದ್ದು ಅಲ್ಲೇ ಹೀರಿಕೊಂಡಿತು. ‘ನೀರ ಹೋತ ಅಂದ್ರ ಒಳ್ಳೇದಲ್ಲೇನ್ರಿ, ಗ್ವಾಡಿ ತಂಪ ಇರ್ತೈತಿ’ ಎಂದು ಒಬ್ಬರು ವಾದಿಸಿದರು. ಇನ್ನೊಬ್ಬರು ತಮ್ಮ ಮನೆಯ ಸೋರುವ ಮಾಳಿಗೆಯ ಮಾತು ತೆಗೆದರು. ರಾತ್ರಿ ಊಟದ ಹೊತ್ತಿಗೆ ಹೊರಗೋಡೆಯನ್ನು ಜಾತ್ರೆಯ ಆಚೆಗೆ ಮುಂದೂಡಿದರು. ರೊಕ್ಕದ ಮಾತು ಮಾತ್ರ ಮುಗಿದಿಲ್ಲ. ನಾನು ಹೇಳಿದ್ದರ ಅರ್ಧಕ್ಕೆ ಬಂದು ನಿಂತಿದ್ದಾರೆ. ಕಾಕಾನಿಗೆ ಈಗ ಏಣಿ ಹತ್ತಲು ಆಗುವುದಿಲ್ಲ, ಸುಣ್ಣದ ಗಾರೆ ಕಲಸಬಲ್ಲ ಇನ್ನೊಬ್ಬರನ್ನು ಹುಡುಕಬೇಕು. ಮುಂಗಾರು ಬೇರೆ ಹತ್ತಿರ ಬಂತು.